ಜೇಬಿನ ಬಣ್ಣ

ಬೆಳಿಗ್ಗೆ ಏಳೂಕಾಲಿಗೆ ಅವನು ಕಿತ್ತದ್ದು ಐದೇ ಐದು ದಾಸವಾಳದ ಹೂವು. ಆದರೆ ಶಾಲೆಯ ದಾರಿ ಅರ್ಧ ಸವೆಯುವಷ್ಟರಲ್ಲಿ, ಅಂಗಿಯ ಜೇಬಿನಲ್ಲಿ ಐದು ಮೊಲದ ಮರಿಗಳನ್ನು ಬಚ್ಚಿಟ್ಟುಕೊಂಡು ನಡೆಯುತ್ತಿದ್ದೇನೆ, ಯಾವುದಾದರೊಂದು ಈಗಲೋ ಆಗಲೋ ಕಿವಿ ಹೊರಗೆ ಹಾಕಿ ತನ್ನ ಮನೆಯ ವಿಳಾಸ ಹೇಳಿಬಿಡುತ್ತದೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಅಂಗೈಯನ್ನು ಜೇಬಿನ ಮೇಲೆ ಒತ್ತಿ ಹಿಡಿದುಕೊಂಡೇ ನಡೆದ. ಕಿತ್ತದ್ದು ಹಸಿರು ಗೇಟಿನ ಮನೆಯ ಗಿಡದಿಂದ. ಗಿಡ ಕಾಂಪೌಂಡಿನ ಒಳಗಿತ್ತು, ಕೊಂಬೆ ಹೊರಗಿತ್ತು; ಹೊರಗೆ ಬಾಗಿದ್ದು ಊರಿನವರದು ಎಂದು ಹಾಸಿಗೆಯಿಂದ ಏಳುವ ಮೊದಲೇ ತನ್ನಷ್ಟಕ್ಕೆ ತಾನು ವಾದಿಸಿ ಗೆದ್ದಿದ್ದ. ಗೆದ್ದವನು ಮೂರು ಕಿತ್ತು ಹೊರಡಬೇಕಿತ್ತು. ಉಳಿದ ಎರಡು ಹೂವುಗಳು, ಕೋರ್ಟಿನಲ್ಲಿ ಕರೆದರೆ ಬಂದು ಹೇಳಲು ಸಿದ್ಧವಿರುವ ಸಾಕ್ಷಿಗಳಂತೆ, ಅವನನ್ನೇ ನೋಡಿದವು. ಸಾಕ್ಷಿ ಇರಬಾರದೆಂದು ಅವನ್ನೂ ಕಿತ್ತ. ಅಷ್ಟರಲ್ಲಿ ಸಂದಿಯ ಆಚೆ ಸೈಕಲ್ಲಿನ ಗಂಟೆ ಕೇಳಿಸಿ, ತಂದಿದ್ದ ಪ್ಲಾಸ್ಟಿಕ್ ಚೀಲ ಪ್ಯಾಂಟಿನ ಹಿಂದಿನ ಜೇಬಿನಲ್ಲೇ ಉಳಿದು, ಐದೂ ಹೂವು ಹೊಸ ಅಂಗಿಯ ಜೇಬಿಗೆ ಇಳಿದವು. ಈಗ ಔಷಧಿ ಅಂಗಡಿಯ ಬಾಗಿಲು ಎತ್ತುತ್ತಿದ್ದವನು ಇವನನ್ನು ನೋಡಿ, "ಏನ್ರೀ, ಎದೆ ನೋವಾ?" ಎಂದ. "ಇಲ್ಲ, ಹೀಗೇ" ಎಂದ ಇವನು. "ಹೀಗೇ ಅಂದ್ರೆ? ಎಡಗಡೆ ಹಿಡ್ಕೊಂಡಿದ್ದೀರಲ್ಲ. ಗ್ಯಾಸ್ ಇರಬಹುದು, ಒಂದು ಗುಳಿಗೆ ಕೊಡ್ಲಾ?" ಒಂದು ಕಳ್ಳತನಕ್ಕೆ ಒಂದು ಸುಳ್ಳು ಸಾಲದೆಂದು, "ಆಗಲೇ ತಗೊಂಡೆ" ಎಂದು ಎರಡನೆಯದನ್ನೂ ಹೇಳಿ ಬೇಗ ಬೇಗ ಮುಂದೆ ಸರಿದ. ಆ ಗುಳಿಗೆಯೂ ಪ್ರತ್ಯಾಮ್ಲವೇ ಅಲ್ಲವೇ, ಹೊಟ್ಟೆಯ ಆಮ್ಲವನ್ನು ಅಡಗಿಸುವಂಥದ್ದು, ಇವತ್ತಿನ ಪಾಠದಲ್ಲಿ ಅದನ್ನೊಂದು ಉದಾಹರಣೆಯಾಗಿ ಕೊಡಬಹುದಿತ್ತಲ್ಲ ಎಂದು ಹತ್ತು ಹೆಜ್ಜೆಯ ನಂತರ ಹೊಳೆಯಿತು. ಆದರೆ ವಾಪಸ್ಸು ಹೋಗಿ ಕೇಳಿದರೆ ಆಗ ಹೇಳಿದ್ದು ಸುಳ್ಳೆಂದು ಗೊತ್ತಾಗುತ್ತದೆ. ಹೋಗಲಿಲ್ಲ.

ಲಿಟ್ಮಸ್ ಕಾಗದ ಸರಿಯಾಗಿದ್ದಿದ್ದರೆ, ಅದರ ಬದಲಿಗೆ ಹೂವಿನ ರಸವಾಗಲಿ ಈ ಕಳ್ಳತನವಾಗಲಿ ಬೇಕಿರಲಿಲ್ಲ. ಹದಿನಾಲ್ಕು ವರ್ಷದಿಂದ ಆ ಶಾಲೆಯ ಪ್ರಯೋಗಾಲಯದ ಅಟೆಂಡರ್ ಅವನು. ಬಾಟಲಿಗಳ ಬಿರಡೆ, ಬೀರುವಿನ ಬೀಗ, ಸಿಂಕಿನ ನಲ್ಲಿ ಎಲ್ಲವೂ ಅವನ ಸುಪರ್ದಿಯಲ್ಲೇ. ಟೆಸ್ಟ್ ಟ್ಯೂಬ್ ತೊಳೆಯುವ ಉದ್ದ ಬ್ರಷ್ಷು ಸದಾ ಕೈಯಲ್ಲೋ ಜೇಬಿನಲ್ಲೋ ಇರುತ್ತಿದ್ದುದರಿಂದ ಮಕ್ಕಳು ಅವನನ್ನು ಬ್ರಷ್ಷಣ್ಣ ಎನ್ನುತ್ತಿದ್ದರು, ಮಕ್ಕಳಿಂದ ಕಲಿತು ಮೇಷ್ಟರುಗಳೂ. ಹೋದ ರಜೆಯಲ್ಲಿ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು, "ಅಮೋನಿಯಾ ಬಾಟಲಿಯ ಬಿರಡೆ ಹಾಕಿದೆನೋ ಇಲ್ಲವೋ" ಎಂದಿದ್ದ. "ಹಾಕಿರ್ತೀರಿ, ಊಟ ಮಾಡಿ. ಇನ್ಯಾವತ್ತು ಮರೆತಿದ್ದೀರಿ ನೀವು? ಮನೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡೋರು" ಎಂದಿದ್ದಳು ಹೆಂಡತಿ. ಜೀವನದಲ್ಲಿ ಮೊದಲನೇ ಸಲ ಅವನು ಹೆಂಡತಿಯ ಮಾತು ಕೇಳಿ ಚಿಂತೆ ಬಿಟ್ಟ. ರಜೆ ಮುಗಿಸಿ ಬೀರು ತೆರೆದರೆ ಮೂಗಿಗೆ ಗುದ್ದಿದ ಹಾಗೆ ವಾಸನೆ. ಪಕ್ಕದಲ್ಲಿದ್ದ ಕೆಂಪು ಲಿಟ್ಮಸ್ಸಿನ ಪುಸ್ತಕಗಳೆಲ್ಲ ನೀಲಿಯಾಗಿ ಕೂತಿದ್ದವು. ನೀಲಿ ಲಿಟ್ಮಸ್ಸು ಆಮ್ಲವನ್ನು ಮಾತ್ರ ತೋರಿಸೀತು, ಅದ್ದಿದರೆ ಕೆಂಪಾಗುತ್ತದೆ. ಪ್ರತ್ಯಾಮ್ಲವನ್ನು ತೋರಿಸಲು ಕೆಂಪು ಬೇಕು, ಕೆಂಪು ಒಂದೂ ಇಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಕೆಮಿಸ್ಟ್ರಿ ಮೇಡಂ ಹೆರಿಗೆ ರಜೆಯ ಮೇಲೆ ಹೋದರು, ಸಂಜೆ ಕಾಲೇಜಿನಲ್ಲಿ ಆರು ವರ್ಷ ಓದಿ ಇವನು ಪಡೆದ ಡಿಗ್ರಿಯ ವಿಷಯ ಹೇಗೋ ಹೆಡ್ ಮೇಡಂ ಕಿವಿಗೆ ಬಿತ್ತು, ಅವರು ಕರೆದು ಹೇಳಿದರು: "ಎಂಟನೇ ಎ, ಮೂರನೇ ಪೀರಿಯಡ್. ಆಮ್ಲ, ಪ್ರತ್ಯಾಮ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತಿರ್ತೀನಿ. ಸರಿಹೋದ್ರೆ ವರ್ಷ ಪೂರ್ತಿ ನೀವೇ ತಗೊಳ್ಳಿ. ಇಲ್ಲದಿದ್ರೆ ಫಿಸಿಕ್ಸ್ ಮೇಷ್ಟ್ರಿಗೆ ಕೊಡ್ತೀನಿ, ನಿಮ್ಮ ಬ್ರಷ್ಷು ನಿಮಗೆ." ಆ ಹೊತ್ತಿನಲ್ಲಿ, ಮೇಡಂ ಆದರೆ ಲಿಟ್ಮಸ್ಸು ಎಂದು ಬಾಯಿ ತೆರೆಯಬಹುದಿತ್ತು. ಬಾಯಿ ತೆರೆದ, "ಆಗಲಿ ಮೇಡಂ" ಎಂದ.

ಆರು ವರ್ಷದ ಆ ಸಂಜೆ ಕಾಲೇಜು. ಕೊಠಡಿಯ ಟ್ಯೂಬ್‌ಲೈಟು ಉರಿಯುವುದಕ್ಕೆ ಮೊದಲು ಹತ್ತು ಸಲ ಕಣ್ಣು ಹೊಡೆಯುತ್ತಿತ್ತು. ಅದು ಹತ್ತಿಕೊಳ್ಳುವಷ್ಟರಲ್ಲಿ ಇವನು ಆರಿರುತ್ತಿದ್ದ. ಪಕ್ಕದಲ್ಲಿ ಕೂರುತ್ತಿದ್ದ ಬಸ್ ಕಂಡಕ್ಟರ್ ಟಿಕೆಟ್ಟು ಹರಿಯುವ ಹಾಗೆ ಇವನ ತೊಡೆ ಚಿವುಟಿ ಎಬ್ಬಿಸುತ್ತಿದ್ದ. ಒಂದು ದಿನ ಹಾಗೆ ಎದ್ದಾಗ ಲೆಕ್ಚರರ್ ಇವನನ್ನೇ ನೋಡುತ್ತ, "ಪ್ರತ್ಯಾಮ್ಲ ಅಂದರೇನು ಹೇಳಿ" ಎಂದಿದ್ದರು. ಎದ್ದು ನಿಂತ. ಓದಿದ್ದೆಲ್ಲ ನಿದ್ದೆಯ ಆಚೆ ದಡದಲ್ಲಿತ್ತು. "ಆಮ್ಲಕ್ಕೆ ಆಗದವರು ಸಾರ್" ಎಂದ. ಕ್ಲಾಸಿಗೆ ಕ್ಲಾಸೇ, ದಿನವಿಡೀ ದುಡಿದು ನಗುವುದಕ್ಕೂ ತ್ರಾಣವಿಲ್ಲದ ಮೂವತ್ತು ಜನ, ಬೆಂಚು ಬಡಿದು ನಕ್ಕರು. ಆಮೇಲೆ ಎರಡು ವರ್ಷ ಇವನು ಬಾಗಿಲಲ್ಲಿ ಕಂಡರೆ ಸಾಕು, "ಬಂದರಪ್ಪ ಆಮ್ಲಕ್ಕೆ ಆಗದವರು" ಎನ್ನುತ್ತಿದ್ದರು. ನಿನ್ನೆ ಸಂಜೆ ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ ಪಾಠ ಒಪ್ಪಿಸಿದಾಗಲೂ ಆ ಜಾಗ ಬಂದ ಕೂಡಲೇ ತಡವರಿಸಿ ಮತ್ತೆ ಮೊದಲಿಂದ ಶುರುಮಾಡಿದ್ದ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ದರ್ಜಿ ಅವಳು. ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು, ಇವತ್ತಿಗೆಂದೇ ಹೊಲಿಯುತ್ತಿದ್ದ ಈ ಬಿಳಿ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಕೇಳಿಸಿಕೊಂಡಿದ್ದಳು. "ಅರ್ಥ ಆಯ್ತಾ?" ಎಂದು ಕೇಳಿದ್ದಕ್ಕೆ, "ಹುಳಿ ಇರೋದು ಒಂದು, ಜಾರೋದು ಒಂದು. ಅಷ್ಟೇ ತಾನೇ? ಅದಕ್ಕೆ ಮುಕ್ಕಾಲು ಗಂಟೆ ಬೆವರಬೇಕಾ?" ಎಂದಳು. ಅಷ್ಟೇ ಹೌದು. ಅಷ್ಟೇ ಎಂದು ಅವನಿಗೆ ಆರು ವರ್ಷದಲ್ಲಿ ಯಾರೂ ಹೇಳಿರಲಿಲ್ಲ. "ಜೇಬು ಬೇಡ ಕಣೇ" ಎಂದಿದ್ದ ಅವನು, ಬ್ರಷ್ಷು ಇಡುವ ಚಟ ಬಿಡಬೇಕೆಂದು. "ಮೇಷ್ಟ್ರು ಅಂದ್ಮೇಲೆ ಜೇಬಿರ್ಬೇಕು ಕಣ್ರೀ, ಪೆನ್ನಿಗೆ. ಬ್ರಷ್ ಇಟ್ಟಿದ್ದು ಕಂಡ್ರೆ ಮಾತ್ರ ನೋಡಿ, ಜೇಬಿನ ಬಾಯಿ ಹೊಲಿದುಬಿಡ್ತೀನಿ." ಹೂವು ಇಡಬಾರದೆಂದು ಅವಳೇನೂ ಹೇಳಿರಲಿಲ್ಲ, ನಿಜ.

ಹೆಡ್ ಮೇಡಂ ಬಂದು ಕೋಣೆಯ ಬೀಗ ತೆಗೆಯುವವರೆಗೆ ಕಾದು, ಹಾಜರಿಗೆ ಸಹಿ ಹಾಕಲು ಒಳಗೆ ಹೋದಾಗ ಅವರು ಕುರ್ಚಿಯಲ್ಲಿ ಬಗ್ಗಿ ಕ್ಯಾನ್ವಾಸ್ ಬೂಟಿನ ಲೇಸು ಬಿಚ್ಚುತ್ತಿದ್ದರು. ಬೆಳಗಿನ ವಾಕಿಂಗ್ ಮುಗಿಸಿ ನೇರ ಶಾಲೆಗೆ ಬಂದು, ಇಲ್ಲೇ ಚಪ್ಪಲಿ ಬದಲಾಯಿಸಿ, ಎಂಟಕ್ಕೆ ಮುಂಚೆಯೇ ಕೂತುಬಿಡುವವರು. ಅವನು ಜೇಬಿನ ಮೇಲೆ ರಿಜಿಸ್ಟರನ್ನು ಅಡ್ಡ ಹಿಡಿದು ಸಹಿ ಹಾಕಲು ನೋಡಿದ. ರಿಜಿಸ್ಟರಿನಲ್ಲೇ ಸಹಿ ಹಾಕಬೇಕಾದ್ದರಿಂದ ಅದು ಸುಲಭವಾಗಿರಲಿಲ್ಲ. ಆಗ ಮೇಜಿನ ಮೇಲಿನ ಬೀಕರ್ ಕಣ್ಣಿಗೆ ಬಿತ್ತು. ಅದು ಅವನೇ ಎರಡು ವರ್ಷದ ಹಿಂದೆ ಪ್ರಯೋಗಾಲಯದಿಂದ ತಂದುಕೊಟ್ಟದ್ದು, ದಾಖಲೆಯಲ್ಲಿ ಒಡೆದುಹೋಯಿತೆಂದು ಬರೆದು. ಹೆಡ್ ಮೇಡಂ ದಿನವೂ ಅದರಲ್ಲಿ ಒಂದು ಕೆಂಪು ಹೂವನ್ನು ಇಡುತ್ತಿದ್ದರು, ಅದನ್ನು ನೋಡಿದ ಮೇಲೇ ಅವರ ಮುಖ ಸ್ವಲ್ಪ ಸಡಿಲವಾಗುತ್ತಿದ್ದುದು. ಇವತ್ತು ಬೀಕರಿನಲ್ಲಿ ನೀರಷ್ಟೇ ಇತ್ತು. ಮುಖವೂ ಹಾಗೇ ಇತ್ತು. "ಮೂರನೇ ಪೀರಿಯಡ್, ನೆನಪಿದೆ ತಾನೇ?" ಎಂದರು ತಲೆ ಎತ್ತದೆ. "ಇದೆ ಮೇಡಂ." "ಯಾಕೆ ಹಾಗೆ ಸೆಟೆದು ನಿಂತಿದ್ದೀರಿ?" "ಹೊಸ ಅಂಗಿ ಮೇಡಂ." ಬಾಗಿಲು ದಾಟಿದ ಮೇಲೆ ಯೋಚಿಸಿದ: ಹೂವಿಲ್ಲದ ದಿನವೇ ತನ್ನ ಪರೀಕ್ಷೆ ಬೀಳಬೇಕೆ? ಏನೋ ಮನಸ್ತಾಪವಾಗಿರಬೇಕು ಮನೆಯಲ್ಲಿ. ಅಥವಾ ತನ್ನ ಮೇಲೇ ಇರಬೇಕು. ಅವನ ಅನುಭವದಲ್ಲಿ, ಯಾರದೇ ಮುಖ ಯಾವ ಕಾರಣಕ್ಕೆ ಗಂಟಿಕ್ಕಿದ್ದರೂ ಹುಡುಕುತ್ತ ಹೋದರೆ ಆ ಗಂಟಿನ ಕೊನೆ ಎಲ್ಲೋ ತನ್ನ ಕೈಗೇ ಬರುತ್ತಿತ್ತು.

ಪ್ರಯೋಗಾಲಯದಲ್ಲಿ ಹೂವುಗಳನ್ನು ಜೇಬಿನಿಂದ ತೆಗೆದಾಗ ಅವು ಹೂವಿನ ರೂಪ ಬಿಟ್ಟಿದ್ದವು. ಅಷ್ಟು ದೂರ ಅಂಗೈ ಒತ್ತಿಕೊಂಡು ಬಂದದ್ದರ ಫಲ. ಜೇಬಿನ ತುಂಬ, ಒಳಗೂ ಹೊರಗೂ, ನೇರಳೆ ಬಣ್ಣದ ದೊಡ್ಡ ಕಲೆ. ಅದು ಯಾವುದೋ ದೇಶದ ನಕ್ಷೆಯ ಹಾಗಿತ್ತು, ಬಲಗಡೆ ಒಂದು ಸಣ್ಣ ದ್ವೀಪವೂ ಇತ್ತು. ನೀರು ಹಾಕಿ ಉಜ್ಜಿದ. ದ್ವೀಪ ಮುಖ್ಯಭೂಮಿಗೆ ಸೇರಿತು. ಕಣ್ಣೆದುರಿಗೆ ಹೆಂಡತಿಯ ಬಾಯಿಯ ಎರಡು ಗುಂಡುಪಿನ್ನುಗಳು ಬಂದವು. ಮೂರನೇ ಪೀರಿಯಡ್ಡಿಗೆ ಇನ್ನೂ ಒಂದೂವರೆ ಗಂಟೆ. ಮನೆಗೆ ಹೋಗಿ ಬರಬಹುದು, ಆದರೆ ಮತ್ತೆ ಔಷಧಿ ಅಂಗಡಿಯ ಮುಂದೆ ಹಾದುಹೋಗಬೇಕು, ಮತ್ತೆ ಹಸಿರು ಗೇಟಿನ ಮುಂದೆ. ಹೂವಿನ ದಳಗಳನ್ನು ಬಿಸಿ ನೀರಿಗೆ ಹಾಕಿ ಕದಡಿದ. ಕಡು ನೇರಳೆ ರಸ ಇಳಿಯಿತು, ಚೆನ್ನಾಗಿಯೇ ಇಳಿಯಿತು. ಕದ್ದದ್ದೆಂದು ರಸಕ್ಕೇನೂ ಗೊತ್ತಿರಲಿಲ್ಲ. ಆ ಹೊತ್ತಿಗೆ ಫಿಸಿಕ್ಸ್ ಮೇಷ್ಟರು ಬಾಗಿಲಲ್ಲಿ ತಲೆ ತೂರಿಸಿದರು. ಎತ್ತರದ ಮನುಷ್ಯ, ಯಾವ ಬಾಗಿಲಲ್ಲೂ ಮೊದಲು ತಲೆ, ಆಮೇಲೆ ಉಳಿದದ್ದು. "ಏನಪ್ಪಾ ಬ್ರಷ್ಷಣ್ಣ, ಇವತ್ತು ಮೇಷ್ಟ್ರಂತೆ? ಶರಬತ್ತು ಮಾಡ್ತಿದ್ದೀಯೋ, ಪಾಠ ಮಾಡ್ತೀಯೋ?" "ಇದು ಸೂಚಕ ಸಾರ್. ಹೂವಿನ ರಸ." "ಲಿಟ್ಮಸ್ ಇಲ್ವಾ?" ಅವನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. "ಮಕ್ಕಳಿಗೆ ಹೂವೇ ಇಷ್ಟ ಆಗುತ್ತೆ ಸಾರ್." "ಆಗಲಿ, ಆಗಲಿ. ಗಾಬರಿ ಮಾಡ್ಕೋಬೇಡ. ಆಗದೇ ಹೋದ್ರೆ ನಾನಿದ್ದೀನಲ್ಲ" ಎಂದು ಅವರು ತಲೆಯನ್ನು ವಾಪಸ್ಸು ತೆಗೆದುಕೊಂಡರು. ಅವರು ಇದ್ದಾರಲ್ಲ ಎಂಬುದೇ ಗಾಬರಿ ಎಂದು ಆ ತಲೆಗೆ ಹೇಗೆ ತಿಳಿಸುವುದು?

ಎಂಟನೇ ಎ ಒಳಗೆ ಹೋದಾಗ ಎದೆಗೆ ಹಾಜರಿ ಪುಸ್ತಕ ಅವಚಿಕೊಂಡಿದ್ದ. ಹಿಂದೆ ಹೆಡ್ ಮೇಡಂ, ಚಿಕ್ಕ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಒಂದು ಪಕ್ಕಕ್ಕೆ ತಿರುಗಿ ಕೂತಿದ್ದರು, ಕೈಯಲ್ಲಿ ನೋಟ್‌ಪುಸ್ತಕ. ನಲವತ್ತೆರಡು ಮಕ್ಕಳು ಎದ್ದು ನಿಂತು, ಅಭ್ಯಾಸದಂತೆ ರಾಗವಾಗಿ, "ನಮಸ್ತೇ ಬ್ರಷ್ಷ..." ಎಂದು ಅಲ್ಲೇ ಹಳಿ ತಪ್ಪಿ, ಹೆಡ್ ಮೇಡಂ ಕಡೆ ತಿರುಗಿ ನೋಡಿ, "...ಸಾರ್" ಎಂದು ಮುಗಿಸಿದರು. ಬ್ರಷ್ ಸಾರ್. ಅರ್ಧ ದಾರಿ ಬಂದ ಹಾಗಾಯಿತು ಎಂದುಕೊಂಡ. ಆಮೇಲೆ ಮೊದಲ ಬೆಂಚಿನ ಕಡೆ ನೋಡಿದ. ಅಲ್ಲಿ ದಪ್ಪ ಕನ್ನಡಕದ ಒಬ್ಬ ಹುಡುಗಿ ಕೂತಿದ್ದಳು. ಅವಳನ್ನು ಅವನು ಬಲ್ಲ; ವಾರದಲ್ಲಿ ನಾಲ್ಕು ದಿನವಾದರೂ, ಎಂಟು ಗಂಟೆಯ ಸುಮಾರಿಗೆ, ಅವಳು ಹಸಿರು ಗೇಟು ತೆರೆದು ಹೊರಗೆ ಬರುವುದನ್ನು ದಾರಿಯಲ್ಲಿ ಕಂಡಿದ್ದಾನೆ. ಹೂವಿನ ಮನೆಯವಳು. ಇಷ್ಟು ಹೊತ್ತು ಇದು ಹೇಗೆ ಹೊಳೆಯಲಿಲ್ಲ? ಕದ್ದ ಮಾಲನ್ನು ಮನೆಯವರ ಮುಂದೆಯೇ ಬೀಕರಿನಲ್ಲಿಟ್ಟು, ನೋಡಿ ಎಷ್ಟು ಚೆಂದದ ಬಣ್ಣ ಎಂದು ಪಾಠ ಮಾಡಬೇಕಾಗಿತ್ತು ಈಗ. ಹುಡುಗಿ ಕನ್ನಡಕ ಸರಿಮಾಡಿಕೊಂಡು ಅವನ ಎದೆಯನ್ನೇ ನೋಡಿದಳು. ಹಾಜರಿ ಪುಸ್ತಕವನ್ನು ಇನ್ನೂ ಸ್ವಲ್ಪ ಮೇಲಕ್ಕೆ ಏರಿಸಿದ.

"ಆಮ್ಲ" ಎಂದು ಶುರುಮಾಡಿದ. ಸ್ವರ ಬೇರೆ ಯಾರದೋ ಇತ್ತು. "ಆಮ್ಲ ಅಂದರೆ ಹುಳಿ. ನಿಂಬೆಹಣ್ಣು ಕಚ್ಚಿದರೆ ಮುಖ ಏನಾಗುತ್ತೆ?" ನಲವತ್ತೆರಡು ಮುಖಗಳು ಸಂತೋಷದಿಂದ ಹಿಂಡಿಕೊಂಡವು. ಹಿಂದಿನ ಬೆಂಚಿನ ನಲವತ್ತಮೂರನೆಯದು ಮೊದಲೇ ಹಾಗಿತ್ತು. "ಪ್ರತ್ಯಾಮ್ಲ ಅಂದರೆ..." ಎಂದ. ಇಲ್ಲಿ ಪುಸ್ತಕದ ಎರಡು ಸಾಲು ಹೇಳಬೇಕಿತ್ತು, ನಿನ್ನೆ ಹನ್ನೊಂದು ಸಲ ಹೇಳಿದ್ದ. ಸಂಜೆ ಕಾಲೇಜಿನ ಟ್ಯೂಬ್‌ಲೈಟು ತಲೆಯೊಳಗೆ ಕಣ್ಣು ಹೊಡೆಯಿತು; ಹೊಡೆಯಿತು, ಹತ್ತಲಿಲ್ಲ. ಕಂಡಕ್ಟರ್ ತೊಡೆ ಚಿವುಟಿದ. "ಆಮ್ಲಕ್ಕೆ ಆಗದವರು" ಎಂದುಬಿಟ್ಟ. ಮಕ್ಕಳು ಗೊಳ್ಳೆಂದು ನಕ್ಕರು. ಅವನು ಕಣ್ಣು ಮುಚ್ಚಿಕೊಂಡ. ಮತ್ತೆ ತೆರೆದಾಗ ಮೂರನೇ ಬೆಂಚಿನ ಒಬ್ಬ ದಡಿಯ ಎದ್ದು ನಿಂತು, "ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಇದ್ದ ಹಾಗೆ, ಅಲ್ವಾ ಸಾರ್? ಇಬ್ಬರೂ ಸೇರಿದ್ರೆ ಬಿಸಿ ಆಗುತ್ತೆ" ಎಂದ. ಆಗುತ್ತದೆ, ನಿಜಕ್ಕೂ ಬಿಸಿಯಾಗುತ್ತದೆ, ಅದು ಮುಂದಿನ ವಾರದ ಪಾಠ. "ಆಮೇಲೆ ತಣ್ಣಗೂ ಆಗುತ್ತೆ" ಎಂದ ಅವನು, ತನಗೇ ಆಶ್ಚರ್ಯವಾಗುವಂತೆ. "ಸರಿಯಾದ ಅಳತೆಯಲ್ಲಿ ಸೇರಿದರೆ ಇಬ್ಬರ ಜೋರೂ ಅಡಗಿ, ಉಪ್ಪು ನೀರಾಗಿ ಸುಮ್ಮನಾಗ್ತಾರೆ." "ನಮ್ಮನೇಲಿ ಆಗಿಲ್ಲ ಸಾರ್" ಎಂದು ದಡಿಯ ಕೂತ. ಮತ್ತೆ ನಗು. ಹಿಂದೆ ಪೆನ್ನು ಸರಸರ ಓಡುವುದು ಕೇಳಿಸಿತು. ಗದ್ದಲ ಎಂದು ಬರೆಯುತ್ತಿರಬೇಕು.

ರುಚಿ ನೋಡಿ ತಿಳಿಯಬಾರದು, ಮುಟ್ಟಿ ನೋಡಿ ತಿಳಿಯಬಾರದು, ಕೆಲವು ಆಮ್ಲಗಳು ನಾಲಿಗೆಯನ್ನೇ ಸುಟ್ಟುಬಿಡುತ್ತವೆ. ಅದಕ್ಕೇ ನಮ್ಮ ಬದಲಿಗೆ ರುಚಿ ನೋಡಿ ಹೇಳುವ ಒಬ್ಬ ಬೇಕು, ಅವನೇ ಸೂಚಕ, ಎಂದು ಹೇಳುತ್ತ ಬೀಕರನ್ನು ಎತ್ತಿದ. ಎತ್ತಲು ಹಾಜರಿ ಪುಸ್ತಕ ಕೆಳಗಿಡಬೇಕಾಯಿತು. ತಕ್ಷಣ ಮಕ್ಕಳಿಗೆ ಓರೆಯಾಗಿ, ಒಂದು ಭುಜ ಮುಂದೆ ಮಾಡಿ ನಿಂತುಕೊಂಡ; ಹಾಗೆ ನಿಂತೇ ಟೆಸ್ಟ್ ಟ್ಯೂಬಿಗೆ ರಸ ಸುರಿದ, ಹಾಗೆ ನಿಂತೇ ನಿಂಬೆಹಣ್ಣು ಹಿಂಡಿದ. ಓರೆಯಾಗಿ ಹಿಂಡಿದ ನಿಂಬೆ ಓರೆಯಾಗಿಯೇ ಚಿಮ್ಮಿತು. ಟ್ಯೂಬಿನೊಳಗೆ ನೇರಳೆ ಹೋಗಿ ಝಗ್ಗನೆ ಗುಲಾಬಿ ಬಂದಾಗ ಕ್ಲಾಸು "ಓ" ಎಂದಿತು, ಅವನಿಗೆ ಒಂದು ಕ್ಷಣ ತಾನು ಯಾರು ಎಂಬುದೇ ಮರೆತುಹೋಯಿತು. ಹದಿನಾಲ್ಕು ವರ್ಷ ಈ ಟ್ಯೂಬುಗಳನ್ನು ತೊಳೆದಿದ್ದೇನೆ, ಯಾರೂ ಓ ಎಂದಿರಲಿಲ್ಲ. ಎರಡನೇ ಟ್ಯೂಬಿಗೆ ಬಟ್ಟೆ ಸೋಡಾ ಕರಗಿಸಿದ ನೀರು ಹನಿಸಿದ. ನೇರಳೆ ಹೋಗಿ ಹಸಿರು. "ಓಓ." ಮೊದಲ ಬೆಂಚಿನಲ್ಲಿ ಒಂದು ಕೈ ಮೇಲೆ ಹೋಯಿತು. ಕನ್ನಡಕದ ಹುಡುಗಿಯದು. ಅವನು ಕಿಟಕಿಯ ಕಡೆ ತಿರುಗಿ ಪಾಠ ಮುಂದುವರಿಸಿದ. ಸಾಬೂನಿನ ನೀರು, ವಿನಿಗರ್, ಮೊಸರಿನ ತಿಳಿ. ಕೈ ಇಳಿಯಲಿಲ್ಲ. ಒಂದು ಕೈ ಸೋತಾಗ ಇನ್ನೊಂದು ಕೈಯಿಂದ ಅದಕ್ಕೆ ಆಸರೆ ಕೊಟ್ಟು ಹಿಡಿದಳು. ಅವನು ಬಲ ಗೋಡೆಗೆ ಪಾಠ ಮಾಡಿದ, ಎಡ ಗೋಡೆಗೆ ಮಾಡಿದ, ಒಂದಷ್ಟು ಹೊತ್ತು ಫ್ಯಾನಿಗೂ ಮಾಡಿದ. ಕತ್ತು ಮೇಲೆತ್ತಿದ್ದವನು ಸೋಡಾ ನೀರು ಅಂಗಿಯ ಮೇಲೆ ಚೆಲ್ಲಿದ್ದನ್ನೂ ಗಮನಿಸಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಆ ಸ್ವರ ಬಂತು: "ಆ ಹುಡುಗಿ ಎಷ್ಟು ಹೊತ್ತಿನಿಂದ ಕೈ ಎತ್ತಿದಾಳೆ. ಕಾಣಿಸ್ತಾ ಇಲ್ವೇನ್ರೀ? ಕೇಳಿ."

ಮುಗಿಯಿತು ಎಂದುಕೊಂಡ. "ಹೇಳಮ್ಮ" ಎಂದ, ತೀರ್ಪು ಕೇಳಲು ನಿಂತವನ ಹಾಗೆ ಕೈ ಕಟ್ಟಿಕೊಂಡು.

"ಸಾರ್, ನಿಮ್ಮ ಜೇಬು" ಎಂದಳು ಹುಡುಗಿ. "ಮೊದಲು ನೇರಳೆ ಇತ್ತು. ಆಮೇಲೆ ಮೂಲೇಲಿ ಗುಲಾಬಿ ಆಯ್ತು. ಈಗ ಕೆಳಗಡೆ ಹಸಿರಾಗ್ತಾ ಇದೆ."

ಅವನು ತಲೆ ಬಗ್ಗಿಸಿ ನೋಡಿಕೊಂಡ. ಹೌದು. ನಕ್ಷೆಯ ದೇಶ ಈಗ ಮೂರು ರಾಜ್ಯಗಳಾಗಿ ಒಡೆದಿತ್ತು. ಕ್ಲಾಸು ಬೆಂಚಿನ ಮೇಲೆ ಹತ್ತಿ ನಿಂತು ನೋಡಿ, ಸೀಲಿಂಗು ಹಾರಿಹೋಗುವ ಹಾಗೆ ನಕ್ಕಿತು. ಅವನಿಗೆ ವಿಚಿತ್ರವೆನ್ನಿಸಿದ್ದೇನೆಂದರೆ, ಇಷ್ಟು ವರ್ಷ ಹೆದರುತ್ತಿದ್ದ ನಗು ಇದೇ, ಈಗ ಬಂದೂಬಿಟ್ಟಿದೆ, ತಾನಿನ್ನೂ ನಿಂತೇ ಇದ್ದಾನೆ. ಬಚ್ಚಿಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಮೊದಲನೇ ಸಲ ಮಕ್ಕಳಿಗೆ ನೇರವಾಗಿ ತಿರುಗಿ ನಿಂತ. "ಹಸಿರಾಗಿದೆಯಲ್ಲ, ಏನು ಬಿದ್ದಿದೆ ಇಲ್ಲಿ?" ಎಂದು ಜೇಬು ತೋರಿಸಿದ. "ಪ್ರತ್ಯಾಮ್ಲ ಸಾರ್!" "ಇಲ್ಲಿ?" "ಆಮ್ಲ!" "ಮಧ್ಯದಲ್ಲಿ?" "ಏನೂ ಬಿದ್ದಿಲ್ಲ ಸಾರ್!" "ಹಸಿರನ್ನ ಮತ್ತೆ ಗುಲಾಬಿ ಮಾಡೋದು ಹೇಗೆ?" ದಡಿಯ ಓಡಿಬಂದು ಉಳಿದರ್ಧ ನಿಂಬೆಹಣ್ಣನ್ನು ಮೇಷ್ಟರ ಎದೆಗೇ ಹಿಂಡಿದ. ಸಣ್ಣಗೆ ನೊರೆ ಎದ್ದು, ಹಸಿರು ಕರಗಿ, ನೇರಳೆಯಾಗಿ, ಗುಲಾಬಿಯಾಗಿ ನಿಂತಿತು. ಈ ಸಲ ಓ ಎಂದದ್ದು ಅವನೇ.

"ಸಾರ್" ಎಂದಳು ಕನ್ನಡಕದ ಹುಡುಗಿ ಮತ್ತೆ ಕೈ ಎತ್ತಿ. "ಈ ಹೂವು ಎಲ್ಲಿಂದ ತಂದ್ರಿ? ನಾವೂ ಮನೇಲಿ ಮಾಡಿ ನೋಡ್ತೀವಿ."

ಎಲ್ಲರ ಹಿತ್ತಲಲ್ಲೂ ಇರುತ್ತೆ ಎನ್ನಬಹುದಿತ್ತು. ಮಾರುಕಟ್ಟೆ ಎನ್ನಬಹುದಿತ್ತು. ಆದರೆ ಒಳಗೇನೋ ತುಳುಕುವ ಹಂತಕ್ಕೆ ಬಂದಿತ್ತು. ಜೇಬೇ ಇಷ್ಟು ನಿಜ ಹೇಳುವಾಗ ಬಾಯಿ ಸುಳ್ಳು ಹೇಳುವುದು ಹೇಗೆ? "ನಿಮ್ಮನೆಯಿಂದಲೇ ಕಣಮ್ಮ" ಎಂದ. "ಬೆಳಿಗ್ಗೆ, ಕೇಳದೆ ಕಿತ್ತೆ. ಐದು. ತಪ್ಪಾಯ್ತು. ನಿಮ್ಮ ಮನೆಯವರಿಗೆ ಹೇಳು, ನಾನೇ ಬಂದು ಕ್ಷಮೆ ಕೇಳ್ತೀನಿ." ಹುಡುಗಿ ಕನ್ನಡಕದ ಹಿಂದೆ ಕಣ್ಣು ಪಿಳಿಪಿಳಿ ಮಾಡಿದಳು.

"ನಮ್ಮನೇಲಿ ಹೂವಿನ ಗಿಡ ಇಲ್ಲ ಸಾರ್. ನಮ್ಮದು ಮೂರನೇ ಮಹಡಿ."

"ಹಸಿರು ಗೇಟು?"

"ಅದು ಲೆಕ್ಕದ ತಾತನ ಮನೆ. ನಾನು ಟ್ಯೂಷನ್ನಿಗೆ ಹೋಗ್ತೀನಿ." ಆಮೇಲೆ ಅವಳ ಮುಖ ಅರಳಿತು. "ಓ, ಅದು ನೀವೇನಾ ಸಾರ್? ತಾತ ದಿನಾ ಬೈತಾ ಇರ್ತಾರೆ. ಯಾರೋ ದಿನಾ ಬೆಳಿಗ್ಗೆ ಬಂದು ಒಂದು ಹೂವು ಕಿತ್ಕೊಂಡು ಹೋಗ್ತಾರಂತೆ, ಎರಡು ವರ್ಷದಿಂದ. ಕೈಗೆ ಸಿಕ್ಕಿದ್ರೆ ಭಾಗಾಕಾರ ಮಾಡ್ತೀನಿ ಅಂತಾರೆ. ಅದು ನೀವೇನಾ?"

ತಾನು ಕಿತ್ತದ್ದು ಇವತ್ತೊಂದೇ ದಿನ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಎರಡು ವರ್ಷದ ಬೆಳಗುಗಳನ್ನೆಲ್ಲ ಒಮ್ಮೆ ನೆನಪಿನಲ್ಲಿ ತಿರುವಿಹಾಕಿದ. ನಿಜವಾಗಿಯೂ ಕಿತ್ತಿಲ್ಲವೇ? ನಿದ್ದೆಗಣ್ಣಿನಲ್ಲಿ ಯಾವತ್ತಾದರೂ? ಬಿರಡೆಯನ್ನೂ ಹಾಕಿದ್ದೇನೆ ಎಂದೇ ಅಂದುಕೊಂಡಿದ್ದೆನಲ್ಲ. "ನಾನೇ ಇರಬೇಕು" ಎಂದ.

ಹಿಂದಿನ ಬೆಂಚಿನಲ್ಲಿ ಪೆನ್ನು ನಿಂತುಹೋಯಿತು. ಹೆಡ್ ಮೇಡಂಗೆ ಜೋರಾಗಿ ಕೆಮ್ಮು ಬಂತು, ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಯಾರದೋ ಬಾಟಲಿಯಿಂದ ನೀರು ಕುಡಿದು, "ಹೂವಿನ ವಿಚಾರ ಸಾಕು! ಪಾಠಕ್ಕೆ ಬನ್ನಿ!" ಎಂದರು. ಬೆಲ್ಲು ಹೊಡೆಯಿತು. ಹೊರಗೆ ಹೋಗುವಾಗ ಅವರು ಇವನ ಮುಖ ನೋಡದೆ, "ಆಮೇಲೆ ನನ್ನ ಕೋಣೆಗೆ ಬನ್ನಿ" ಎಂದಷ್ಟೇ ಹೇಳಿದರು.

ಟೆಸ್ಟ್ ಟ್ಯೂಬುಗಳನ್ನು ತೊಳೆದೇ ಹೋದ. ಇದು ಕೊನೆಯ ಪಾಠವಾದರೂ ತೊಳೆಯುವ ಕೆಲಸವಂತೂ ನಾಳೆಗೂ ಇರುತ್ತದೆ, ಬಾಕಿ ಇಡುವುದೇಕೆ? ಕಾರಿಡಾರಿನಲ್ಲಿ ಫಿಸಿಕ್ಸ್ ಮೇಷ್ಟರ ತಲೆ ಎದುರಾಯಿತು. "ಕ್ಲಾಸಲ್ಲಿ ಏನಪ್ಪಾ ಅಷ್ಟು ನಗು? ಯಾರಾದ್ರೂ ಬಿದ್ರಾ?" "ನಾನೇ ಸಾರ್" ಎಂದ ಅವನು. ಕೋಣೆಯಲ್ಲಿ ಹೆಡ್ ಮೇಡಂ ನೋಟ್‌ಪುಸ್ತಕ ತೆರೆದುಕೊಂಡು ಕೂತಿದ್ದರು. "ಕೂತ್ಕೊಳ್ಳಿ." ಹದಿನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ಕೂತವನಲ್ಲ, ಕುರ್ಚಿಯ ತುದಿಗೆ, ಬೇಕಾದರೆ ತಕ್ಷಣ ಏಳಲು ಬರುವ ಹಾಗೆ ಕೂತ. ಮೇಡಂ ಓದಿದರು: "ಗದ್ದಲ ಜಾಸ್ತಿ. ವಿವರಣೆ ಪುಸ್ತಕದಲ್ಲಿ ಇದ್ದ ಹಾಗಿಲ್ಲ. ಬೋರ್ಡಿನ ಮೇಲೆ ಬರೆದದ್ದು ಕಡಿಮೆ, ಅಂಗಿಯ ಮೇಲೆ ಬರೆದದ್ದು ಜಾಸ್ತಿ." ಪುಟ ತಿರುಗಿಸಿದರು. "ಆಮ್ಲಕ್ಕೆ ಯಾವ ಬಣ್ಣ, ಪ್ರತ್ಯಾಮ್ಲಕ್ಕೆ ಯಾವ ಬಣ್ಣ ಅಂತ ಹೊರಗೆ ಹೋಗುವಾಗ ಐದು ಮಕ್ಕಳನ್ನ ಹಿಡಿದು ಕೇಳಿದೆ. ಐದೂ ಮಕ್ಕಳು ಹೇಳಿದರು. ಅದರಲ್ಲಿ ಆ ಕೊನೇ ಬೆಂಚಿನ ಹುಡುಗ ಇದುವರೆಗೆ ಯಾರಿಗೂ ಯಾವುದಕ್ಕೂ ಉತ್ತರ ಹೇಳಿದವನಲ್ಲ." ಪುಸ್ತಕ ಮುಚ್ಚಿದರು. "ನಾಳೆ ಬಿ ಸೆಕ್ಷನ್. ವರ್ಷ ಮುಗಿಯೋ ತನಕ ಎರಡೂ ನಿಮ್ಮವೇ."

ಸಂತೋಷ ಎಲ್ಲಿಂದ ಒಳಗೆ ಬರಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಿತು. ಮೊದಲು ಒಳನುಗ್ಗಿದ್ದು ಅಭ್ಯಾಸವೇ. "ಮೇಡಂ, ಲಿಟ್ಮಸ್ ಕಾಗದ ಹಾಳಾಗಿದೆ, ಅಮೋನಿಯಾ ಬಿರಡೆ ನಾನೇ ಸರಿಯಾಗಿ..." "ಹೊಸದು ತರಿಸಿ." "ಹೂವಿನ ವಿಷಯ, ಇವತ್ತು ಸಂಜೆ ಲೆಕ್ಕದ ತಾತನ ಹತ್ತಿರ ಹೋಗಿ, ಎಲ್ಲ ಹೇಳಿ, ನಾಳೆಯದನ್ನು ಕೇಳಿಕೊಂಡೇ..."

"ಬೇಡ" ಎಂದರು ಹೆಡ್ ಮೇಡಂ, ಬೇಕಾದ್ದಕ್ಕಿಂತ ಬೇಗ. "ಕೇಳಿದರೆ ಅವರು ಎಣಿಸೋಕೆ ಶುರು ಮಾಡ್ತಾರೆ."

ಅವನಿಗೆ ಅರ್ಥವಾಗಲಿಲ್ಲ. ಮೇಡಂ ಕಿಟಕಿಯ ಕಡೆ ನೋಡಿದರು, ಬಾಗಿಲು ಮುಚ್ಚಿದೆಯೇ ಎಂದು ನೋಡಿದರು, ಆಮೇಲೆ ಮೇಜಿನ ಮೇಲಿನ ಹೂವಿಲ್ಲದ ಬೀಕರನ್ನು ಎರಡು ಬೆರಳಿನಿಂದ ಅರ್ಧ ಸುತ್ತು ತಿರುಗಿಸಿದರು. ಮೇಜಿನ ಕೆಳಗೆ ಕ್ಯಾನ್ವಾಸ್ ಬೂಟುಗಳು ಜೋಡಿಯಾಗಿ, ತಪ್ಪು ಮಾಡಿದ ಮಕ್ಕಳಂತೆ ನಿಂತಿದ್ದವು. "ದಿನಾ ಕೀಳೋನು ನಾನೇ ಅಂತ ಯಾಕ್ರೀ ಒಪ್ಕೊಂಡ್ರಿ?" "ಅಭ್ಯಾಸ ಮೇಡಂ." "ಹೂಂ" ಎಂದರು ಅವರು. ಬೀಕರನ್ನು ಇನ್ನರ್ಧ ಸುತ್ತು ತಿರುಗಿಸಿದರು. "ಏಳೂವರೆಗೆ ಬಂದು ನೋಡ್ತೀನಿ, ಬರೀ ಎಲೆ" ಎಂದರು ಕೊನೆಗೆ, ದೂರು ಹೇಳುವ ಚಿಕ್ಕ ಹುಡುಗಿಯ ಧ್ವನಿಯಲ್ಲಿ. "ನಾಳೆ ಎಲ್ಲಾ ಕೀಳಬೇಡಿ. ಒಂದು ಬಿಡಿ."

ಮರುದಿನ ಗಿಡದಲ್ಲಿ ಆರು ಹೂವಿದ್ದವು. ಈ ಸಲ ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲೇ ಹಿಡಿದಿದ್ದ. ಅಂಗಿ ಹಳೆಯದು, ಹೊಸದು ಇನ್ನೂ ಹೆಂಡತಿಯ ವಿಚಾರಣೆಯಲ್ಲಿ ನೆನೆಯುತ್ತಿತ್ತು, ಸಾಬೂನು ತಾಗಿಸಿದಷ್ಟೂ ಹಸಿರಾಗುತ್ತ. ಯಾವುದನ್ನು ಬಿಡುವುದು ಎಂದು ಬಹಳ ಹೊತ್ತು ನಿಂತು ಯೋಚಿಸಿದ. ಎಲ್ಲಕ್ಕಿಂತ ಚೆಂದದ್ದು ಎತ್ತರದ ಕೊಂಬೆಯಲ್ಲಿತ್ತು. ಮೇಡಂ ಎಷ್ಟು ಎತ್ತರ ಎಂದು ನೆನಪು ಮಾಡಿಕೊಂಡ. ತನ್ನ ಕಿವಿಯವರೆಗೆ ಬರಬಹುದು, ಕ್ಯಾನ್ವಾಸ್ ಬೂಟು ಹಾಕಿದರೆ ಇನ್ನೊಂದು ಬೆರಳು. ಕೈ ಮೇಲೆತ್ತಿ, ಅಷ್ಟು ಕಡಿಮೆ ಮಾಡಿ, ಅಳೆದು ನೋಡಿದ. ಎಟುಕುವುದಿಲ್ಲ. ಆಗ ಸುತ್ತಮುತ್ತ ಒಮ್ಮೆಯೂ ನೋಡದೆ, ಆ ಎತ್ತರದ ಕೊಂಬೆಯನ್ನು ಬಗ್ಗಿಸಿ, ಗೋಡೆಯ ಮೇಲಿದ್ದ ಮೊಳೆಗೆ ಮೆಲ್ಲಗೆ ಸಿಕ್ಕಿಸಿ, ಮಿಕ್ಕ ಐದನ್ನು ಕಿತ್ತುಕೊಂಡು ಹೊರಟ. ಹತ್ತು ಹೆಜ್ಜೆ ಹೋದವನು ವಾಪಸ್ಸು ಬಂದ. ಸರಿಯಾಗಿ ಸಿಕ್ಕಿಸಿದೆನೋ ಇಲ್ಲವೋ ಎಂದು ಮೂರು ಸಲ ಜಗ್ಗಿ ನೋಡಿದ.